ಬ್ಯಾಂಕಾಕಿನಲ್ಲಿ ಊದಿಸಿದ ಪೊಲೀಸ್ 15 ಸಾವಿರ ಕೇಳಿದ್ರು, ಕೊಟ್ಟಿದ್ದು ಸರಿನಾ?

ಪ್ರಶ್ನೆ: ನಾನು ಹಾಸನದ ಕಡೆಯವನು, ಬ್ಯಾಂಕಾಕಲ್ಲಿ ಕೆಲಸ. ಹೋದ ತಿಂಗಳು ಶನಿವಾರ ರಾತ್ರಿ ಒಂದು ಗಂಟೆ ಹೊತ್ತಿಗೆ ನಾನು, ನನ್ನ ಗೆಳೆಯ ಸುಖುಂವಿತ್ ಕಡೆಯಿಂದ ಕಾರಲ್ಲಿ ಬರ್ತಿದ್ವಿ, ಅವನು ಓಡಿಸ್ತಿದ್ದ. ಚೆಕ್‌ಪೋಸ್ಟಲ್ಲಿ ನಿಲ್ಲಿಸಿ ಊದಿಸಿದ್ರು, 38 ಬಂತು. ಇಲ್ಲಿ ಲಿಮಿಟ್ 50 ಅಂತ ಎಲ್ಲರೂ ಹೇಳ್ತಾರೆ, ಆದ್ರೂ ಅವರು ಸ್ಟೇಷನ್ನು, ಜೈಲು, ವೀಸಾ ಕ್ಯಾನ್ಸಲ್ ಅಂತ ಹೆದರಿಸಿ 15,000 ಬಾತ್ ಕೇಳಿದ್ರು, ಎಟಿಎಂನಿಂದ ತೆಗೆದು ಕೊಟ್ವಿ, ರಸೀದಿ ಕೊಡ್ಲಿಲ್ಲ, ಕೀ ವಾಪಸ್ ಕೊಟ್ರು, ಅದೇ ಕಾರಲ್ಲಿ ಮನೆಗೆ ಬಂದ್ವಿ. ಗೆಳೆಯನ ಹತ್ರ 2 ವರ್ಷದ ಥಾಯ್ ಲೈಸೆನ್ಸ್ ಇದೆ. ವಿದೇಶದವರು ಅಂತಾನೇ ನಮ್ಮನ್ನ ಹಿಡಿತಾರಾ? ಈಗ ದೂರು ಕೊಡಬಹುದಾ? ಮುಂದೆ ಹಿಂಗಾದ್ರೆ ಏನ್ಮಾಡ್ಬೇಕು?

ಉತ್ತರ: ಮೊದಲು ಆ 38ರ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಎಲ್ಲಾ ಅದರ ಮೇಲೇನೇ ನಿಂತಿದೆ. 50 ಅನ್ನೋದು ಪೂರ್ಣ ಲೈಸೆನ್ಸ್ ಇರೋ, 20 ವರ್ಷ ತುಂಬಿದ ಡ್ರೈವರಿಗೆ. 2017ರಲ್ಲಿ ಥಾಯ್ಲೆಂಡ್ ಸರ್ಕಾರ ನಿಯಮ ಬದಲಾಯಿಸಿ, 20 ವರ್ಷದ ಒಳಗಿನವರಿಗೆ, ಲೈಸೆನ್ಸೇ ಇಲ್ಲದವರಿಗೆ, ಬೇರೆ ಥರದ ಗಾಡಿಯ ಲೈಸೆನ್ಸ್ ಇಟ್ಕೊಂಡು ಓಡಿಸೋರಿಗೆ, ಆಮೇಲೆ ತಾತ್ಕಾಲಿಕ ಲೈಸೆನ್ಸ್ ಇರೋರಿಗೆ ಮಿತಿನ 20ಕ್ಕೆ ಇಳಿಸ್ತು, ಅಂದ್ರೆ 100 ಮಿಲಿಲೀಟರ್ ರಕ್ತದಲ್ಲಿ 20 ಮಿಲಿಗ್ರಾಂ. ನಿಮ್ಮ ಗೆಳೆಯನ ಹತ್ರ ಇರೋ 2 ವರ್ಷದ ಕಾರ್ಡ್ ಇದೆಯಲ್ಲ, ಅದೇ ತಾತ್ಕಾಲಿಕ ಲೈಸೆನ್ಸ್. ಹೊರದೇಶದಿಂದ ಬಂದು ಇಲ್ಲಿ ಲೈಸೆನ್ಸ್ ಮಾಡಿಸೋ ಪ್ರತಿಯೊಬ್ಬರಿಗೂ ಮೊದಲು ಸಿಗೋದು ಅದೇ, ಅದಾದ್ಮೇಲೆ 5 ವರ್ಷದ್ದು. ಹಂಗಾಗಿ 38 ಅಂದ್ರೆ ಕಾನೂನು ಪ್ರಕಾರ ಆತ ಕುಡಿದು ಓಡಿಸ್ತಿದ್ದ, ಮೆಷಿನ್ ಸುಳ್ಳು ಹೇಳ್ಲಿಲ್ಲ, ಆ ಲೆಕ್ಕದಲ್ಲಿ ಪೊಲೀಸರೂ ಸುಳ್ಳು ಹೇಳ್ಲಿಲ್ಲ. ದುಡ್ಡು ಕೇಳಿದ್ದು ಮಾತ್ರ ಅಪರಾಧ, ಅದೂ ಸಣ್ಣ ಅಪರಾಧ ಅಲ್ಲ. ಎರಡನ್ನೂ ಬೇರೆ ಬೇರೆ ಇಟ್ಕೊಂಡು ನೋಡ್ಬೇಕು.

ನಮ್ಮೋರು ಇಲ್ಲಿ ಎಡವೋದು ಈ 50 ಅನ್ನೋ ನಂಬರಿನಲ್ಲೇ. ಭಾರತದಲ್ಲಿ ಮಿತಿ 30, ಬೆಂಗಳೂರಲ್ಲಿ ಡಿಡಿ, ಅಂದ್ರೆ ಕುಡಿದು ಓಡಿಸಿದ ಕೇಸ್ ಬಿದ್ರೆ ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್ನು, 10,000 ರೂಪಾಯಿ ದಂಡ ಅಂತ ಗೊತ್ತಿರೋರು ಥಾಯ್ಲೆಂಡಿಗೆ ಬಂದು "ಇಲ್ಲಿ 50 ಅಂತೆ, ಆರಾಮು" ಅಂದ್ಕೊಂಡು ಒಂದು ದೊಡ್ಡ ಬಾಟಲ್ ಬಿಯರ್ ಹಾಕಿ ಕೀ ತಗೋತಾರೆ. ಸ್ವಲ್ಪ ಲೆಕ್ಕ ನೋಡಿ. 330 ಮಿಲಿಯ 5 ಪರ್ಸೆಂಟ್ ಬಿಯರಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇರತ್ತೆ, 70 ಕೆಜಿ ತೂಕದ ಗಂಡಸಿಗೆ ಅದು ಬೇಗ ಕುಡಿದ್ರೆ 27ರ ಹತ್ರ ಹೋಗತ್ತೆ, ಅಂದ್ರೆ ಒಂದೇ ಒಂದು ಸಣ್ಣ ಬಿಯರಿಗೆ ತಾತ್ಕಾಲಿಕ ಲೈಸೆನ್ಸಿನವನು ಮಿತಿ ದಾಟಿದ. ಇಲ್ಲಿನ ದೊಡ್ಡ ಬಾಟಲ್ 620 ಮಿಲಿ, ಅದು 50 ಮುಟ್ಟಿಸತ್ತೆ. ನಮ್ಮೂರ ಲೆಕ್ಕದ ಒಂದು ಲಾರ್ಜ್ ವಿಸ್ಕಿ, 60 ಮಿಲಿ, 42ರ ಆಸುಪಾಸು. ದೇಹ ಗಂಟೆಗೆ ಸುಮಾರು 15 ಇಳಿಸತ್ತೆ, ಕಾಫಿ ಕುಡಿದ್ರೂ ಅಷ್ಟೇ, ಸ್ನಾನ ಮಾಡಿದ್ರೂ ಅಷ್ಟೇ. ತೂಕ ಕಮ್ಮಿ ಇರೋರಿಗೆ, ಹೆಣ್ಣುಮಕ್ಕಳಿಗೆ, ಖಾಲಿ ಹೊಟ್ಟೇಲಿ ಕುಡಿದೋರಿಗೆ ಇದು ಇನ್ನೂ ಮೇಲೆ ಹೋಗತ್ತೆ. ಆಮೇಲೆ ಕಾರಿನ ಲೈಸೆನ್ಸ್ ಮಾತ್ರ ಇಟ್ಕೊಂಡು ಫುಕೆಟ್ಟು, ಪಟ್ಟಾಯದಲ್ಲಿ ಸ್ಕೂಟರ್ ಬಾಡಿಗೆಗೆ ತಗೊಳ್ಳೋರಿಗೂ ಇದೇ 20, ಯಾಕಂದ್ರೆ ಸ್ಕೂಟರಿಗೆ ಅವರ ಲೈಸೆನ್ಸ್ ನಡೆಯಲ್ಲ.

ಈಗ ವಿದೇಶದವರು ಅಂತ ಹಿಡಿತಾರಾ ಅನ್ನೋದು. ಹಿಡಿಯೋದು ಎಲ್ಲರನ್ನೂ, ಥಾಯ್ ಜನಾನೂ ಅದೇ ಸಾಲಲ್ಲಿ ನಿಂತು ಊದ್ತಾರೆ, ಅವರೂ ದುಡ್ಡು ಕೊಡ್ತಾರೆ. ಭಾಷೆ ಬರಲ್ಲ, ಯಾಕೆ ತಲೆನೋವು ಅಂತ ವಿದೇಶಿಯರನ್ನ ಸುಮ್ಮನೆ ಬಿಟ್ಟು ಕಳಿಸೋ ಪೊಲೀಸರೂ ಇದ್ದಾರೆ. ಆದ್ರೆ ಚೌಕಾಸಿ ಶುರುವಾದಾಗ ವಿದೇಶಿಯ ರೇಟೇ ಬೇರೆ, ಇದು ಸತ್ಯ. ಅವನ ಹತ್ರ ದುಡ್ಡಿದೆ ಅಂತ ಮುಖ ನೋಡಿ ಅಂದಾಜು ಮಾಡ್ತಾರೆ, ಕಾನೂನು ಗೊತ್ತಿರಲ್ಲ, ಫೋನ್ ಮಾಡಿದ್ರೆ ಬರೋ ಅಣ್ಣತಮ್ಮ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ವೀಸಾ ಅನ್ನೋ ಒಂದು ಭಯ ಎದೇಲಿ ಇರತ್ತೆ, ಆ ಭಯಕ್ಕೇ ಅವರು ಬೆಲೆ ಕಟ್ಟೋದು.

ಇದೇನು ಬರೀ ಬಾರಲ್ಲಿ ಕೂತು ಹೇಳೋ ಕಥೆ ಅಲ್ಲ. 2014ರ ಕೊನೇಲಿ ಬ್ಯಾಂಕಾಕಿನ ಅಸೋಕ್, ಥಾಂಗ್ ಲೋ ಸುತ್ತಮುತ್ತ ರಸ್ತೇಲಿ ನಡ್ಕೊಂಡು ಹೋಗ್ತಿರೋ ವಿದೇಶಿಯರನ್ನ ನಿಲ್ಲಿಸಿ ಜೇಬು ತಡಕೋದು, ಮೂತ್ರ ಪರೀಕ್ಷೆ ಅನ್ನೋದು ಎಷ್ಟಾಯ್ತಂದ್ರೆ ಆಗಿನ ಬ್ರಿಟಿಷ್ ರಾಯಭಾರಿ ಮಾರ್ಕ್ ಕೆಂಟ್ ಅವರೇ ಬಹಿರಂಗವಾಗಿ ಅದರ ಬಗ್ಗೆ ಮಾತಾಡಿದ್ರು. 2023ರ ಜನವರಿಯಲ್ಲಿ ಆಗಿದ್ದು ಇನ್ನೂ ದೊಡ್ಡದು. ತೈವಾನಿನ ಒಬ್ಬ ನಟಿ ಗೆಳೆಯರ ಜೊತೆ ಬಾಡಿಗೆ ಕಾರಲ್ಲಿ ಹೋಗ್ತಿದ್ಲು, ರಾಚದಾಪಿಸೇಕ್ ರಸ್ತೇಲಿ ಚೀನಾ ರಾಯಭಾರ ಕಚೇರಿ ಎದುರಿಗೇ ಇದ್ದ ಚೆಕ್‌ಪೋಸ್ಟಲ್ಲಿ ನಿಲ್ಲಿಸಿದ್ರು, ಇ-ಸಿಗರೇಟ್ ನೆಪ ಆಯ್ತು, ಬಿಡೋಕೆ 27,000 ಬಾತ್ ಆಯ್ತು. ಆಕೆ ತನ್ನ ದೇಶಕ್ಕೆ ಹೋಗಿ ಬರೆದುಕೊಂಡಾಗ ಪೊಲೀಸರು ಮೊದಲು ಹೇಳಿದ್ದು ದುಡ್ಡಿನ ಮಾತೇ ಇಲ್ಲ ಅಂತ, ಆಕೆ ಕುಡಿದಿದ್ಲು ಅಂತ. ಆಮೇಲೆ ಚುವಿತ್ ಕಮೋಲ್‌ವಿಸಿತ್ ಅನ್ನೋ ಮಾಜಿ ರಾಜಕಾರಣಿ ಅದನ್ನ ಬಿಡದೆ ಹಿಡಿದ, ಕಾರಲ್ಲಿ ಜೊತೆಗಿದ್ದ ಸಿಂಗಾಪುರದವನು ದುಡ್ಡು ಕೊಟ್ಟಿದ್ದು ನಾನೇ ಅಂತ ಹೇಳಿದ, ಕೊನೆಗೆ ಆ ಚೆಕ್‌ಪೋಸ್ಟಿನ ಪೊಲೀಸರ ಮೇಲೇ ಕ್ರಮ ಆಯ್ತು. ಆಕೆ ಡ್ರೈವ್ ಮಾಡ್ತಿರ್ಲಿಲ್ಲ, ಹಿಂದಿನ ಸೀಟಲ್ಲಿ ಕೂತಿದ್ಲು ಅಷ್ಟೇ, ಇದನ್ನ ಗಮನಿಸಿ. ಇಲ್ಲಿ ಇ-ಸಿಗರೇಟ್ ಕಾನೂನುಬಾಹಿರ, ಬ್ಯಾಗಲ್ಲಿ ಇಟ್ಕೊಂಡಿದ್ರೆ ಕುಡಿಯದೇ ಇದ್ರೂ ನೀವು ಸಿಕ್ಕಿಹಾಕೊಳ್ತೀರ.

ಆದ್ರೆ ಕೆಟ್ಟ ಪೊಲೀಸರು ನಾಲ್ಕು ಜನ ಇದ್ದಾರೆ ಅಂತ ಹೇಳಿ ಮುಗಿಸೋ ವಿಷಯ ಅಲ್ಲ ಇದು, ದುಡ್ಡು ಮೇಲಕ್ಕೆ ಹೋಗೋ ದಾರಿ ಇದೆ. 2023ರ ಮೇ ತಿಂಗಳಲ್ಲಿ ವಿರೋಜ್ ಅನ್ನೋ ಸಂಸದರು ಬಯಲಿಗೆ ತಂದ ಲಾರಿ ಸ್ಟಿಕ್ಕರ್ ಹಗರಣ ನೋಡಿ, ಲಾರಿ ಮಾಲೀಕರು ತಿಂಗಳಿಗಿಷ್ಟು ಅಂತ ಕೊಟ್ಟು ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸಿಕೊಂಡ್ರೆ ಎಷ್ಟು ಓವರ್‌ಲೋಡ್ ಆದ್ರೂ ಹೆದ್ದಾರಿ ಪೊಲೀಸರು ಮುಟ್ತಿರ್ಲಿಲ್ಲ, ಹೆದ್ದಾರಿ ಪೊಲೀಸಿನ ಮುಖ್ಯಸ್ಥರನ್ನೇ ವರ್ಗ ಮಾಡ್ಬೇಕಾಯ್ತು. ಕೆಳಗಿನ ಪೊಲೀಸಿನ ಸಂಬಳ ಕಮ್ಮಿ, ಒಳ್ಳೆ ಪೋಸ್ಟಿಂಗಿಗೆ ದುಡ್ಡು ಸುರಿಬೇಕು ಅನ್ನೋದು ಇಲ್ಲಿನ ಪತ್ರಿಕೆಗಳಲ್ಲೇ ವರ್ಷಗಳಿಂದ ಬರ್ತಿರೋ ಮಾತು. ಸುರಿದೋನು ರಸ್ತೇಲಿ ಎತ್ತುತಾನೆ. ಕರ್ನಾಟಕದಲ್ಲಿ ಬೆಳೆದ ನಮಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ನಾನು ಸಿಟ್ಟಿಂದ ಹೇಳೋ ಮಾತು ಒಂದಿದೆ. 15,000 ತಗೊಂಡ ಮೇಲೆ ಆ ಪೊಲೀಸ್ ಏನ್ಮಾಡಿದ? ಕೀ ವಾಪಸ್ ಕೊಟ್ಟ. ಮಿತಿ ದಾಟಿದೆ ಅಂತ ಅವನೇ ಅಳೆದು ನೋಡಿದ ಡ್ರೈವರನ್ನ ಅವನೇ ರಸ್ತೆಗೆ ಬಿಟ್ಟ, ನೀವಿಬ್ಬರೂ ಅದೇ ಕಾರಲ್ಲಿ ಮನೆಗೆ ಹೋದ್ರಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2021ರಲ್ಲಿ ಥಾಯ್ಲೆಂಡ್ ರಸ್ತೆಗಳಲ್ಲಿ ಸುಮಾರು 18 ಸಾವಿರ ಜನ ಸತ್ತಿದ್ದಾರೆ, ಬಹುಪಾಲು ಬೈಕು ಸ್ಕೂಟರಿನವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗೋ ಅಡುಗೆಯವರು, ಡೆಲಿವರಿ ಹುಡುಗರು. ಸೋಂಗ್‌ಕ್ರಾನ್ ಹಬ್ಬದ ವಾರ, ಹೊಸ ವರ್ಷದ ವಾರ ಎರಡನ್ನೂ ಇಲ್ಲಿ "ಏಳು ಅಪಾಯದ ದಿನ" ಅಂತಾನೇ ಕರೀತಾರೆ, ದಿನಾ ಸಾವಿನ ಲೆಕ್ಕ ಟಿವಿಯಲ್ಲಿ ಬರತ್ತೆ. ಹಂಗಾಗಿ ಚೆಕ್‌ಪೋಸ್ಟ್ ಬೇಕೇ ಬೇಕು, ಅದನ್ನ ಅಂಗಡಿ ಮಾಡಿಕೊಂಡಿರೋದು ಜೀವದ ಜೊತೆ ಮಾಡೋ ದ್ರೋಹ, ಆ ವ್ಯಾಪಾರದಲ್ಲಿ ಕೊಳ್ಳೋರು ನಾವು.

ಸರಿ, ಆ ರಾತ್ರಿ ದುಡ್ಡು ಕೊಡದೇ ಇದ್ದಿದ್ರೆ ಏನಾಗ್ತಿತ್ತು? ಇದನ್ನ ಬಿಡಿಸಿ ಹೇಳ್ತೀನಿ, ಗೊತ್ತಾದ್ರೆ ಅರ್ಧ ಭಯ ಹೋಗತ್ತೆ. ಕುಡಿದು ಓಡಿಸೋದು ಇಲ್ಲಿ ಕ್ರಿಮಿನಲ್ ಕೇಸ್, 1979ರ ರಸ್ತೆ ಸಂಚಾರ ಕಾಯ್ದೆ, ಶಿಕ್ಷೆ ಕೊಡೋದು ಕೋರ್ಟ್ ಮಾತ್ರ, ರಸ್ತೇಲಿ ಕಟ್ಟೋ ದಂಡ ಅನ್ನೋದೇ ಇಲ್ಲ. ಹೆಲ್ಮೆಟ್ಟಿಗೆ ಚೀಟಿ ಹರಿದು ಕೊಡಬಹುದು, ಇದಕ್ಕೆ ಆಗಲ್ಲ. ಅಂದ್ರೆ ಡಿಡಿ ಕೇಸಿನಲ್ಲಿ ಚೆಕ್‌ಪೋಸ್ಟಲ್ಲಿ ಕೈಗೆ ಕೊಟ್ಟ ದುಡ್ಡು ಏನೇ ಹೆಸರಲ್ಲಿ ಕೊಟ್ಟಿರಿ, ಅದು ಲಂಚ. ಸ್ಟೇಷನ್ನಿಗೆ ಕರ್ಕೊಂಡು ಹೋಗಿ ಕೇಸ್ ಬರೀತಾರೆ, ಲಾಕಪ್ಪಲ್ಲಿ ಕೆಲವು ಗಂಟೆ ಅಥವಾ ಆ ರಾತ್ರಿ ಕೂರಬೇಕಾಗತ್ತೆ, ಅದು ಸುಖದ ಜಾಗ ಅಲ್ಲ. ಜಾಮೀನಿಗೆ ವಿದೇಶಿಯರ ಹತ್ರ ಸಾಮಾನ್ಯವಾಗಿ 20,000 ಬಾತ್ ಆಸುಪಾಸು ಇಡಿಸ್ಕೋತಾರೆ, ಇಲ್ಲೇ ನಮ್ಮೋರು ಗೊಂದಲ ಮಾಡ್ಕೊಳ್ಳೋದು, ಇದೂ ಲಂಚಾನೇ ಅಂದ್ಕೊಂಡು ಜಗಳಕ್ಕೆ ಬೀಳ್ತಾರೆ, ಆದ್ರೆ ಇದಕ್ಕೆ ರಸೀದಿ ಇದೆ, ನೀವು ಕೋರ್ಟಿಗೆ ಸರಿಯಾಗಿ ಹಾಜರಾದ್ರೆ ವಾಪಸ್ ಬರತ್ತೆ. 48 ಗಂಟೆ ಒಳಗೆ ಕೋರ್ಟ್ ಮುಂದೆ ತರ್ಬೇಕು. ಕಾನೂನಲ್ಲಿ ಬರೆದಿರೋ ಶಿಕ್ಷೆ 1 ವರ್ಷದ ತನಕ ಜೈಲು ಅಥವಾ 5,000ದಿಂದ 20,000 ಬಾತ್ ದಂಡ ಅಥವಾ ಎರಡೂ, ಲೈಸೆನ್ಸ್ ಕಮ್ಮಿ ಅಂದ್ರೂ 6 ತಿಂಗಳು ಅಮಾನತು. ಮೊದಲ ಸಲ, ಯಾರಿಗೂ ಗುದ್ದಿಲ್ಲ, ತಪ್ಪು ಒಪ್ಕೊಂಡ್ರೆ ಶಿಕ್ಷೆ ಅರ್ಧದ ತನಕ ಇಳಿಸೋಕೆ ಕಾನೂನಲ್ಲೇ ಅವಕಾಶ ಇದೆ, ಜೈಲು ಶಿಕ್ಷೆನ ಅಮಾನತಲ್ಲಿ ಇಟ್ಟು ಕೆಲವು ಸಾವಿರ ದಂಡ, ಪ್ರೊಬೇಷನ್, ಸಮುದಾಯ ಸೇವೆ ಅಂತ ಮುಗಿಯೋದು ಮಾಮೂಲಿ. ಇಂಥ ಒಂದು ಕೇಸಿಗೆ ವೀಸಾ ಕಿತ್ಕೊಂಡು ವಿಮಾನ ಹತ್ತಿಸೋದು ಸಾಮಾನ್ಯವಾಗಿ ಆಗಲ್ಲ, ಚೆಕ್‌ಪೋಸ್ಟಲ್ಲಿ ನಿಂತ ಪೊಲೀಸಿಗೆ ವೀಸಾ ರದ್ದು ಮಾಡೋ ಅಧಿಕಾರಾನೂ ಇಲ್ಲ, ಅದು ಇಮಿಗ್ರೇಷನ್ ಇಲಾಖೆ ಕೆಲಸ.

ಹಂಗಂತ ಹಗುರ ಅಂತಾನೂ ತಿಳ್ಕೋಬೇಡಿ. 2022ರ ಸೆಪ್ಟೆಂಬರಿನಿಂದ ಕಾನೂನು ಬಿಗಿ ಆಗಿದೆ, 2 ವರ್ಷದೊಳಗೆ ಎರಡನೇ ಸಲ ಸಿಕ್ಕಿದ್ರೆ ದಂಡ 50,000ದಿಂದ 1 ಲಕ್ಷ ಬಾತ್, ಜೈಲು 2 ವರ್ಷದ ತನಕ. ಕುಡಿದು ಗುದ್ದಿ ಯಾರಾದ್ರೂ ಸತ್ರೆ 3ರಿಂದ 10 ವರ್ಷ. ಅದರ ಜೊತೆಗೆ 50 ದಾಟಿದ್ರೆ ಕಾರಿನ ಇನ್ಶೂರೆನ್ಸ್ ನಿಮ್ಮ ಗಾಡಿ ರಿಪೇರಿಗೆ ಒಂದು ಬಾತ್ ಕೊಡಲ್ಲ.

ನೀವು ನಿಜವಾಗ್ಲೂ ಕುಡಿದಿಲ್ಲ ಅಥವಾ ಮಿತಿ ಒಳಗೇ ಇದ್ದೀರ ಅಂದ್ರೆ ಆಟ ಪೂರ್ತಿ ಬೇರೆ, ಆಗ ಸಮಯ ನಿಮ್ಮ ಕಡೆ ಇದೆ. ಊದಲ್ಲ ಅಂತ ಮಾತ್ರ ಹೇಳ್ಬೇಡಿ, ಕಾರಣ ಇಲ್ಲದೆ ಊದೋಕೆ ಒಪ್ಪದಿದ್ರೆ ಕುಡಿದಿದ್ದ ಅಂತಾನೇ ಕಾನೂನು ಎಣಿಸತ್ತೆ. ಪ್ಯಾಕೆಟ್ ಒಡೆದು ಹೊಸ ಊದುಗೊಳವೆ ಹಾಕೋಕೆ ಹೇಳಿ, ಈಗಷ್ಟೇ ಮೌತ್‌ವಾಶ್ ಅಥವಾ ಕೆಮ್ಮಿನ ಔಷಧಿ ತಗೊಂಡಿದ್ರೆ ಅದನ್ನ ಹೇಳಿ ನೀರಲ್ಲಿ ಬಾಯಿ ಮುಕ್ಕಳಿಸಿ 15 ನಿಮಿಷ ಕಾಯೋಕೆ ಕೇಳಿ. ಬಂದ ನಂಬರನ್ನ ಕಣ್ಣಲ್ಲಿ ನೋಡಿ, ಮೆಷಿನ್ನಿನ ಚೀಟಿ ಕೇಳಿ. 2020ರ ಕೊನೇಲಿ ಆಗಿನ ಪೊಲೀಸ್ ಮುಖ್ಯಸ್ಥ ಸುವತ್ ಅವರು ದೂರು ಜಾಸ್ತಿ ಆಯ್ತು ಅಂತ ದೇಶದ ಚೆಕ್‌ಪೋಸ್ಟೆಲ್ಲಾ ನಿಲ್ಲಿಸಿ, 2021ರಲ್ಲಿ ಹೊಸ ನಿಯಮದ ಜೊತೆ ಮತ್ತೆ ಶುರು ಮಾಡಿದ್ರು, ಅದರ ಪ್ರಕಾರ ಬೆಳಕು ಇರ್ಬೇಕು, ಬೋರ್ಡ್ ಇರ್ಬೇಕು, ಉಸ್ತುವಾರಿ ಅಧಿಕಾರಿ ಯಾರು ಅಂತ ಬರೆದಿರ್ಬೇಕು, ಕ್ಯಾಮೆರಾ ಇರ್ಬೇಕು, ಜನ ವಿಡಿಯೋ ಮಾಡ್ಕೊಂಡ್ರೆ ತಡೀಬಾರ್ದು. ಕತ್ತಲಲ್ಲಿ ಇಬ್ಬರು ಬೈಕ್ ನಿಲ್ಲಿಸ್ಕೊಂಡು ಕೈ ಅಡ್ಡ ಹಿಡಿದ್ರೆ ಅದು ಚೆಕ್‌ಪೋಸ್ಟ್ ಅಲ್ಲ, ಗಾಡಿನ ಜನ ಓಡಾಡೋ ಬೆಳಕಿರೋ ಕಡೆ ನಿಲ್ಲಿಸಿ, ಕೂತಲ್ಲೇ 1155ಕ್ಕೆ ಫೋನ್ ಮಾಡಿ, ಅದು ಟೂರಿಸ್ಟ್ ಪೊಲೀಸ್ ನಂಬರು, ದಿನದ 24 ಗಂಟೆ ಇಂಗ್ಲಿಷ್ ನಡೆಯತ್ತೆ, ಇಲ್ಲೇ ಕೆಲಸ ಮಾಡ್ಕೊಂಡು ಇರೋರೂ ಮಾಡಬಹುದು. ಎಷ್ಟೋ ಸಲ ಆ ಫೋನ್ ಮಾಡ್ತೀನಿ ಅಂದ ತಕ್ಷಣ ಮಾತಿನ ಧಾಟಿನೇ ಬದಲಾಗತ್ತೆ.

ವಿಡಿಯೋ ವಿಷಯದಲ್ಲಿ ಒಂದು ಎಚ್ಚರ. ಮೊಬೈಲನ್ನ ಪೊಲೀಸಿನ ಮೂಗಿನ ಹತ್ರ ಹಿಡಿದು ಕೂಗಾಡಿದ್ರೆ ಲಂಚದ ವಿಷಯ ಮರೆತೇ ಹೋಗಿ ಕರ್ತವ್ಯಕ್ಕೆ ಅಡ್ಡಿ ಅನ್ನೋ ಕೇಸ್ ಆಗತ್ತೆ. 2024ರ ಮಾರ್ಚಿನಲ್ಲಿ ಫುಕೆಟ್ಟಲ್ಲಿ ನ್ಯೂಜಿಲೆಂಡಿನ ಇಬ್ಬರು ಅಣ್ಣತಮ್ಮಂದಿರು ನಿಲ್ಲಿಸಿದ ಪೊಲೀಸಿನ ಮೇಲೇ ಕೈ ಮಾಡಿ ಜೈಲು ಸೇರಿದ್ರು. ಕಾರಲ್ಲಿ ಡ್ಯಾಶ್‌ಕ್ಯಾಮ್ ಹಾಕಿಸಿ, ಒಳಗಿನ ಮಾತೂ ರೆಕಾರ್ಡ್ ಆಗೋ ಥರದ್ದು, ಧ್ವನಿ ಎತ್ತದೆ ಮಾತಾಡಿ, ನಗುಮುಖ ಇರ್ಲಿ, ಥಾಯ್ ಜನ ಕೂಗಾಡೋರಿಗೆ ಮರ್ಯಾದೆ ಕೊಡಲ್ಲ. "ದಯವಿಟ್ಟು ಸ್ಟೇಷನ್ನಿಗೆ ಹೋಗೋಣ, ಅಲ್ಲೇ ರಸೀದಿ ತಗೊಂಡು ಕಟ್ತೀನಿ" ಅನ್ನೋ ಒಂದು ವಾಕ್ಯನ ಥಾಯ್ ಭಾಷೇಲಿ ಫೋನಲ್ಲಿ ಬರೆದು ಇಟ್ಕೊಳ್ಳಿ, ತೋರಿಸಿ. ದುಡ್ಡು ಕೇಳೋನಿಗೆ ಸ್ಟೇಷನ್ ಬೇಡ, ಅಲ್ಲಿ ಹೋದ್ರೆ ಕಾಗದ ಹುಟ್ಟತ್ತೆ, ಕಾಗದ ಹುಟ್ಟಿದ್ರೆ ಅವನ ಕೈಗೆ ಏನೂ ಬರಲ್ಲ.

ಸ್ಟೇಷನ್ನಲ್ಲಿ ನಿಮಗೆ ಅರ್ಥ ಆಗದ ಥಾಯ್ ಕಾಗದಕ್ಕೆ ಸಹಿ ಹಾಕ್ಬೇಡಿ. ಭಾಷೆ ಬರದೇ ಇದ್ರೆ ದುಭಾಷಿ ಕೊಡ್ಬೇಕು ಅಂತ ಇಲ್ಲಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ, ವಕೀಲರನ್ನ ನೋಡೋ ಹಕ್ಕು, ಮನೆಯವರಿಗೆ ತಿಳಿಸೋ ಹಕ್ಕೂ ಇದೆ. ಹಂಗೇ 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ ಪ್ರಕಾರ ಭಾರತದ ರಾಯಭಾರ ಕಚೇರಿಗೆ ತಿಳಿಸಿ ಅಂತ ನೀವು ಕೇಳಬಹುದು. ನಮ್ಮ ಕಚೇರಿ ಸುಖುಂವಿತ್ ಸೋಯಿ 23ರಲ್ಲಿದೆ. ಅವರು ಬಂದು ಬಿಡಿಸ್ಕೊಂಡು ಹೋಗ್ತಾರೆ ಅಂತ ಮಾತ್ರ ನಿರೀಕ್ಷೆ ಇಟ್ಕೋಬೇಡಿ, ಅದು ಅವರ ಕೈಯಲ್ಲಿಲ್ಲ, ಆದ್ರೆ ವಕೀಲರ ಪಟ್ಟಿ ಕೊಡ್ತಾರೆ, ಊರಿಗೆ ತಿಳಿಸ್ತಾರೆ, ಎಲ್ಲಕ್ಕಿಂತ ಮುಖ್ಯ ಅಂದ್ರೆ ಹಿಡಿದಿಟ್ಟೋರಿಗೆ ಇವನ ಬಗ್ಗೆ ಕೇಳೋರು ಇದ್ದಾರೆ ಅಂತ ಗೊತ್ತಾಗತ್ತೆ.

ಕೊನೇದಾಗಿ ದೂರಿನ ವಿಷಯ. ಇಲ್ಲಿನ ದಂಡ ಸಂಹಿತೆ 149ರಲ್ಲಿ ಲಂಚ ಕೇಳಿದ ಅಧಿಕಾರಿಗೆ 5ರಿಂದ 20 ವರ್ಷ ಅಥವಾ ಜೀವಾವಧಿ, ಕಾಗದದ ಮೇಲೆ ಮರಣದಂಡನೆಯೂ ಇದೆ. 144ರಲ್ಲಿ ಕೊಟ್ಟವನಿಗೂ 5 ವರ್ಷದ ತನಕ ಇದೆ. ನಿಮ್ಮ ಗೆಳೆಯ ಏನೂ ಕುಡಿಯದೇ ಇದ್ದು ಹೆದರಿಸಿ ಕಿತ್ಕೊಂಡಿದ್ರೆ ಆತ ಸುಲಿಗೆಗೆ ಒಳಗಾದವನು, ಹಿಂದೆ ಮುಂದೆ ನೋಡದೆ ಹೋಗಿ ಅಂತಿದ್ದೆ. ಆದ್ರೆ 38 ಬಂದಿದೆ, ಮಿತಿ 20, ಕೇಸಿನಿಂದ ತಪ್ಪಿಸ್ಕೊಳ್ಳೋಕೆ ಕೊಟ್ಟ ದುಡ್ಡು ಅಂತ ಆ ಪೊಲೀಸ್ ಕಡೆ ವಕೀಲರು ಹೇಳೇ ಹೇಳ್ತಾರೆ. ಹಂಗಾಗಿ ದೂರು ಕೊಡೋಕೆ ಮುಂಚೆ ಕ್ರಿಮಿನಲ್ ಕೇಸ್ ನಡೆಸೋ ಒಬ್ಬ ಥಾಯ್ ವಕೀಲರ ಮುಂದೆ ಕೂತು ನಡೆದಿದ್ದನ್ನ ಒಂದೂ ಮುಚ್ಚಿಡದೆ ಹೇಳಿ. ಅಷ್ಟರೊಳಗೆ ಎಟಿಎಂ ಚೀಟಿ ಅಥವಾ ಬ್ಯಾಂಕ್ ಆ್ಯಪಿನಲ್ಲಿರೋ ಸಮಯ, ಆ ರಾತ್ರಿಯ ಫೋನ್ ಲೊಕೇಶನ್, ಚೆಕ್‌ಪೋಸ್ಟ್ ಇದ್ದ ಜಾಗ, ಪೊಲೀಸಿನ ಎದೆ ಮೇಲಿನ ಹೆಸರು ಏನಾದ್ರೂ ನೆನಪಿದ್ರೆ ಅದು, ಎಲ್ಲಾ ಇಬ್ಬರೂ ಬೇರೆ ಬೇರೆ ಕೂತು ಬರೆದಿಡಿ, ರಸ್ತೆ ಕ್ಯಾಮೆರಾ ದೃಶ್ಯ ಬಹಳ ದಿನ ಇಟ್ಟಿರಲ್ಲ, ತಡ ಮಾಡ್ಬೇಡಿ. ವಕೀಲರು ಸರಿ ಅಂದ್ರೆ ಪೊಲೀಸ್ ಇಲಾಖೆಯದೇ ಆದ 1599ಕ್ಕೆ ಹೋಗೋಕಿಂತ ಹೊರಗಿನ ಭ್ರಷ್ಟಾಚಾರ ನಿಗ್ರಹ ಆಯೋಗದ 1205ಕ್ಕೆ ಹೋಗಿ, ನನ್ನ ಅಭಿಪ್ರಾಯ ಅದು. ನೀವು ಓಡಿಸ್ತಿರ್ಲಿಲ್ಲ, ಪಕ್ಕದಲ್ಲಿ ಕೂತಿದ್ರಿ, ಸಾಕ್ಷಿಯಾಗಿ ನಿಮ್ಮ ಮಾತಿಗೆ ತೂಕ ಜಾಸ್ತಿ. ಆದ್ರೆ "ತೆಗೆದು ಕೊಟ್ವಿ" ಅಂತ ಬರೆದಿದ್ದೀರ, ಆ ದುಡ್ಡು ಯಾರ ಖಾತೆಯಿಂದ ಹೋಯ್ತು, ಯಾರ ಕೈಯಿಂದ ಹೋಯ್ತು ಅನ್ನೋದನ್ನ ಆ ವಕೀಲರು ಮೊದಲು ಕೇಳ್ತಾರೆ, ಅದಕ್ಕೆ ಉತ್ತರ ಇಟ್ಕೊಂಡೇ ಹೋಗಿ.